ರಕ್ತದಲ್ಲಿ ಕಬ್ಬಿಣ ಇದ್ದರೂ ಆಯಸ್ಕಾಂತ ನಮ್ಮನ್ನು ಯಾಕೆ ಎಳೆಯುವುದಿಲ್ಲ?

ರಕ್ತದಲ್ಲಿ ಕಬ್ಬಿಣ ಇದೆ, ಹಾಗಾದರೆ ಆಯಸ್ಕಾಂತ ಜೀವಕೋಶಗಳನ್ನು ಎಳೆಯಬೇಕಲ್ವಾ ಎಂದು ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ. ಆದರೆ ರಕ್ತದ ಕೆಂಪು ಕಣಗಳಲ್ಲಿರುವ ಪ್ರೋಟೀನಾದ ಹಿಮೋಗ್ಲೋಬಿನ್‌ನಲ್ಲಿ ಕಬ್ಬಿಣದ ಪರಮಾಣುಗಳು ಪ್ರೋಟೀನಿನೊಳಗೆ ಬಿಡಿಬಿಡಿಯಾಗಿ ಕೂತಿರುತ್ತವೆ. ಮೊಳೆಯಲ್ಲಿರುವಂತೆ ಗುಂಪಾಗಿ ಒಂದೇ ದಿಕ್ಕಿಗೆ ನಿಲ್ಲುವುದಿಲ್ಲ. ಆಕ್ಸಿಜನ್ ತುಂಬಿದ ರಕ್ತವಂತೂ ಆಯಸ್ಕಾಂತದಿಂದ ತುಸು ದೂರವೇ ಸರಿಯುತ್ತದೆ. ನೀರೂ ಅಷ್ಟೇ. 1997ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಭೌತವಿಜ್ಞಾನಿ ಆಂಡ್ರೆ ಗೈಮ್ ಮತ್ತು ಸಂಗಡಿಗರು ಸುಮಾರು 16 ಟೆಸ್ಲಾ (ಕಾಂತಕ್ಷೇತ್ರದ ಬಲವನ್ನು ಅಳೆಯುವ ಮಾನ) ಬಲದ ಕಾಂತಕ್ಷೇತ್ರದಲ್ಲಿ ಜೀವಂತ ಕಪ್ಪೆಯನ್ನು ಗಾಳಿಯಲ್ಲಿ ತೇಲಿಸಿದ್ದು ಈ ಗುಣದಿಂದಲೇ.

ಆಸ್ಪತ್ರೆಯ ಎಂಆರ್‌ಐ ಯಂತ್ರಗಳಲ್ಲಿ ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾ ಇರುತ್ತದೆ. ಇನ್ನೂ ಜಾಸ್ತಿ ಬಲದ, 7 ಟೆಸ್ಲಾ ಯಂತ್ರದಲ್ಲಿ ಕೆಲವರಿಗೆ ತಲೆ ಸುತ್ತುತ್ತದೆ. ಒಳಕಿವಿಯ ದ್ರವದಲ್ಲಿ ಹರಿಯುವ ಅಯಾನುಗಳನ್ನು, ಅಂದರೆ ವಿದ್ಯುದಾವೇಶವಿರುವ ಕಣಗಳನ್ನು, ಕಾಂತಕ್ಷೇತ್ರ ಪಕ್ಕಕ್ಕೆ ತಳ್ಳುವುದೇ ಇದಕ್ಕೆ ಮುಖ್ಯ ಕಾರಣ.

ಆದರೆ ನಿಜಕ್ಕೂ ಆಯಸ್ಕಾಂತಕ್ಕೆ ಓಗೊಡುವ ಜೀವಕೋಶಗಳೂ ಇವೆ. ನನಗಂತೂ ಅವು ಬಹಳ ಇಷ್ಟ. ಕೆಸರಿನಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳು ಮ್ಯಾಗ್ನೆಟೈಟ್ ಎಂಬ ಕಾಂತಗುಣದ ಕಬ್ಬಿಣದ ಖನಿಜದ ಹರಳುಗಳನ್ನು ಮಣಿಸರದಂತೆ ಮೈಯೊಳಗೆ ಜೋಡಿಸಿಕೊಂಡಿರುತ್ತವೆ. ಅಂಥ ಕೆಸರುನೀರಿನ ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಪಕ್ಕದಲ್ಲಿ ಆಯಸ್ಕಾಂತವನ್ನು ತಿರುಗಿಸಿ ನೋಡಿ. ಇಡೀ ಹಿಂಡು ಒಟ್ಟಿಗೆ ತಿರುಗುತ್ತದೆ! ಅವಕ್ಕೆ ದಿಕ್ಕು ಹಿಡಿಯಲು ಭೂಮಿಯ 25ರಿಂದ 65 ಮೈಕ್ರೋಟೆಸ್ಲಾದಷ್ಟು (ಟೆಸ್ಲಾದ ಹತ್ತು ಲಕ್ಷದಲ್ಲೊಂದು ಪಾಲು ಒಂದು ಮೈಕ್ರೋಟೆಸ್ಲಾ) ಪುಟ್ಟ ಕ್ಷೇತ್ರವೇ ಸಾಕು.