ಚಿಪ್‌ಸೆಟ್ ಫ್ಯಾನ್ ಸದ್ದು ಮಾಡ್ತಿದೆ, ಯಾವ ಚಿಕ್ಕ ಫ್ಯಾನ್ ಹಾಕಲಿ?

ಎಕ್ಸ್570 ಮದರ್‌ಬೋರ್ಡಿನಲ್ಲಿ ಚಿಪ್‌ಸೆಟ್ (ಪ್ರೊಸೆಸರನ್ನು ಉಳಿದ ಭಾಗಗಳಿಗೆ ಜೋಡಿಸುವ ಚಿಪ್) ತಣಿಸುವ ಫ್ಯಾನ್ ತೆಗೆದು ಸದ್ದಿಲ್ಲದ 40 ಮಿ.ಮೀ. ಫ್ಯಾನ್ ಯಾವುದು ಹಾಕಲಿ ಅಂತ ಕೇಳಿದ್ದೀರಿ. 2007ರಲ್ಲಿ ನಾನೂ ಇದನ್ನೇ ಹುಡುಕಿಕೊಂಡು ಅಲೆದವನು.

ನನ್ನದು ಎನ್‌ಫೋರ್ಸ್4 ಚಿಪ್‌ಸೆಟ್ಟಿನ ಸಾಕೆಟ್ 939 ಬೋರ್ಡು (ಸಾಕೆಟ್ ಅಂದರೆ ಪ್ರೊಸೆಸರ್ ಕೂರುವ ಜಾಗ). ರಾತ್ರಿ ಪಾಳಿ ಮುಗಿಸಿ ಬರುತ್ತಿದ್ದ ಅಪ್ಪ ಬೆಳಿಗ್ಗೆ ಅದೇ ಕೋಣೆಯಲ್ಲಿ ಮಲಗುತ್ತಿದ್ದರು. ನಾನು ಕಂಪ್ಯೂಟರ್ ಆನ್ ಮಾಡಿದ ಕೂಡಲೇ, ಬೇರಿಂಗಿನ ಎಣ್ಣೆ ಒಣಗಿದ್ದ ಆ ಫ್ಯಾನು ಜೀರುಂಡೆ ಥರ ಶುರು ಮಾಡುತ್ತಿತ್ತು. ಅಪ್ಪ ಏನೂ ಅನ್ನುತ್ತಿರಲಿಲ್ಲ. ದಿಂಬನ್ನು ಕಿವಿ ಮೇಲೆ ಎಳೆದುಕೊಂಡು ಮಗ್ಗುಲಾಗುತ್ತಿದ್ದರು. ನೋಡಲಾಗದೆ ಒಂದು ಶನಿವಾರ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಹೀಟ್‌ಸಿಂಕ್ (ಚಿಪ್ಪಿನ ಶಾಖ ಹೀರುವ ಲೋಹದ ತುಂಡು) ಸಮೇತ ಹೊಸ ಫ್ಯಾನ್ ತಂದೆ.

ಹೀಟ್‌ಸಿಂಕ್ ಬದಲಿಸಲು ಹೊರಟದ್ದೇ ತಪ್ಪು. ಹಳೆ ಫ್ಯಾನು ಅದರ ಮೇಲೆ ಮೂರು ಸಣ್ಣ ಸ್ಕ್ರೂಗಳಲ್ಲಿ ಕೂತಿತ್ತು, ಅಷ್ಟು ಬಿಚ್ಚಿದ್ದರೆ ಸಾಕಿತ್ತು. ನಾನು ಬೋರ್ಡಿನ ಹಿಂದಿನಿಂದ ಪ್ಲಾಸ್ಟಿಕ್ ಪಿನ್ನುಗಳನ್ನು ಇಕ್ಕಳದಲ್ಲಿ ಹಿಸುಕಿ ಬಿಡಿಸಿದೆ. ಹೀಟ್‌ಸಿಂಕ್ ಕದಲಲಿಲ್ಲ. ಚಿಪ್ಪಿಗೂ ಅದಕ್ಕೂ ನಡುವೆ ಶಾಖ ದಾಟಿಸಲು ಹಚ್ಚಿದ್ದ ಪೇಸ್ಟು ಒಣಗಿ ಗಾರೆಯಾಗಿತ್ತು. ಆಗ ಕಂಪ್ಯೂಟರನ್ನು ಹತ್ತು ನಿಮಿಷ ಓಡಿಸಿ, ಆಫ್ ಮಾಡಿ ಪ್ಲಗ್ ಕಿತ್ತು, ಬಿಸಿ ಆರುವ ಮೊದಲು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಚಬೇಕಿತ್ತು. ನಾನು ತಣ್ಣಗಿದ್ದಾಗಲೇ ಚಪ್ಪಟೆ ಸ್ಕ್ರೂಡ್ರೈವರ್ ತುರುಕಿ ಮೀಟಿದೆ. ಅದು ಜಾರಿತು. ಹಸಿರು ಬೋರ್ಡಿನ ಮೇಲೆ ಎರಡು ಸೆಂಟಿಮೀಟರ್ ಉದ್ದದ ಬಿಳಿ ಗೀರು, ಅದರೊಳಗೆ ತುಂಡಾದ ತಾಮ್ರದ ಗೆರೆಗಳು ಮಿರಮಿರ ಹೊಳೆಯುತ್ತಿದ್ದವು. ಮತ್ತೆ ಆನ್ ಮಾಡಿದರೆ ಫ್ಯಾನುಗಳು ತಿರುಗಿದವು, ಪರದೆ ಕಪ್ಪಾಗಿಯೇ ಉಳಿಯಿತು.

ಆ ಪ್ರೊಸೆಸರ್ ಮಾಡುವ ಎಎಂಡಿ ಕಂಪನಿ 2006ರ ಮೇ ತಿಂಗಳಲ್ಲೇ ಎಎಂ2 ಸಾಕೆಟ್ಟಿಗೆ ಹೋಗಿಯಾಗಿತ್ತು. ಅಂಗಡಿ ಅಂಗಡಿ ಸುತ್ತಿದರೂ 939 ಬೋರ್ಡು ಸಿಗಲಿಲ್ಲ. ಹೊಸ ಬೋರ್ಡಿಗೆ ಹಳೆ ಪ್ರೊಸೆಸರ್ ಕೂರಲ್ಲ, ಆ ಬೋರ್ಡಿಗೆ ಬೇಕಾದದ್ದು ಡಿಡಿಆರ್2 ರ‍್ಯಾಮ್, ನನ್ನ ಹತ್ತಿರ ಇದ್ದದ್ದು ಡಿಡಿಆರ್ ರ‍್ಯಾಮ್. ಒಂದು ಗೀರಿಗೆ ಬೋರ್ಡು, ಪ್ರೊಸೆಸರ್, ರ‍್ಯಾಮ್ ಮೂರೂ ಹೋದವು. ದುಡ್ಡು ಕೊಟ್ಟವರು ಅಪ್ಪ.

ಹೊಸ ಬೋರ್ಡಿನಲ್ಲೂ ಅಂಥದ್ದೇ ಫ್ಯಾನ್ ಇತ್ತು. ಈ ಸಲ ಅದರ ಪ್ಲಗ್ ಮಾತ್ರ ಕಿತ್ತು, ಒಂದು 80 ಮಿ.ಮೀ. ಫ್ಯಾನನ್ನು ಆ ಹೀಟ್‌ಸಿಂಕಿಗೆ ಗಾಳಿ ತಾಗುವ ಹಾಗೆ ಕೇಬಲ್ ಟೈಯಲ್ಲಿ ಕಟ್ಟಿ ನಿಧಾನಕ್ಕೆ ಓಡಿಸಿದೆ. ಅಪ್ಪನಿಗೆ ನಿದ್ದೆ ಬಂತು.

ಅದಕ್ಕೇ ಹೇಳ್ತೀನಿ, ಚಿಕ್ಕ ಫ್ಯಾನ್ ಹುಡುಕೋದನ್ನೇ ಬಿಡಿ. ಅಷ್ಟೇ ಗಾಳಿ ತಳ್ಳಲು ಚಿಕ್ಕದು ನಿಮಿಷಕ್ಕೆ ಸಾವಿರಾರು ಸುತ್ತು ಹೆಚ್ಚು ತಿರುಗಬೇಕು, ಆ ಕೀರಲು ದನಿ ಬರೋದು ಅಲ್ಲಿಂದಲೇ. ಅದೂ ಅಲ್ಲದೆ ಎಕ್ಸ್570 ಬೋರ್ಡುಗಳಲ್ಲಿ ಬಹಳಷ್ಟು ಫ್ಯಾನುಗಳು ಮುಚ್ಚಳದ ಅಡಿಯಲ್ಲಿ ಆಯಾ ಬೋರ್ಡಿನ ಅಳತೆಗೇ ಮಾಡಿದವು. ಮಾರುಕಟ್ಟೆಯ ಚೌಕದ ಫ್ಯಾನು ಅಲ್ಲಿ ಕೂರುವುದೇ ಕಷ್ಟ. ಮೊದಲು ಬ್ರಷ್ಷಿನಲ್ಲಿ ಧೂಳು ತೆಗೆಯಿರಿ. ಬಯೋಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಬೋರ್ಡಿನ ಸೆಟ್ಟಿಂಗ್ ಪುಟ) ಚಿಪ್‌ಸೆಟ್ ಫ್ಯಾನಿಗೆ ಸೈಲೆಂಟ್ ಆಯ್ಕೆ ಇದ್ದರೆ ಅದನ್ನು ಹಾಕಿ, ಚಿಪ್‌ಸೆಟ್ಟಿನ ಶಾಖ ಒಂದೆರಡು ದಿನ ಗಮನಿಸಿ. ಆಗಲೂ ಕಿರುಚಿದರೆ ದೊಡ್ಡ ಫ್ಯಾನೇ ಸರಿ. ಹೀಟ್‌ಸಿಂಕಿಗೆ ಮಾತ್ರ ಕೈ ಹಾಕಬೇಡಿ.

ಗ್ರಾಫಿಕ್ಸ್ ಕಾರ್ಡ್ ಆ ಫ್ಯಾನನ್ನು ಎಷ್ಟು ಮುಚ್ಚಿದೆ, ನಡುವೆ ಎಷ್ಟು ಮಿ.ಮೀ. ಜಾಗ ಇದೆ ಅಂತ ಅಳೆದು ತಿಳಿಸಿ. ದೊಡ್ಡ ಫ್ಯಾನ್ ಎಲ್ಲಿ ಕಟ್ಟಬಹುದು ಅಂತ ಹೇಳ್ತೀನಿ.