ಇಂಗ್ಲೆಂಡಿನಲ್ಲಿ ಕೌನ್ಸೆಲಿಂಗ್ ಸೈಕಾಲಜಿ ಬಿಎಸ್‌ಸಿ: ದುಡ್ಡು ಕಟ್ಟುವ ಮುಂಚೆ ಓದು

ತಂಗಿ, ನೀನು ಕೇಳಿದ್ದು ಮೂರು ವಿಷಯ. ಸೆಕೆಂಡ್ ಪಿಯುಸಿ ಮುಗಿಸಿ ಇಂಗ್ಲೆಂಡಿಗೆ ಬಂದು ‘ಸೈಕಾಲಜಿ ವಿತ್ ಕೌನ್ಸೆಲಿಂಗ್’ ಬಿಎಸ್‌ಸಿ ಓದಿದರೆ ಮೂರು ವರ್ಷಕ್ಕೆ ಕೌನ್ಸೆಲರ್ ಆಗಬಹುದಾ? ಓದುವಾಗಲೇ ಆ ಕೆಲಸ ಮಾಡಿ ಒಂದಿಷ್ಟು ದುಡಿಯಬಹುದಾ? ಬೆಂಗಳೂರಿಗೆ ವಾಪಸ್ ಹೋದರೆ ಅಲ್ಲಿ ಪ್ರಾಕ್ಟೀಸ್ ಮಾಡಬಹುದಾ? ಮೊದಲನೆಯದಕ್ಕೆ ಉತ್ತರ, ಬಹುತೇಕ ಕೋರ್ಸುಗಳಲ್ಲಿ ಇಲ್ಲ. ಎರಡನೆಯದಕ್ಕೆ, ಖಂಡಿತ ಇಲ್ಲ. ಮೂರನೆಯದು ಸುತ್ತು ದಾರಿ. ನಿನ್ನ ಏಜೆಂಟ್ ಇದನ್ನು ಬಿಡಿಸಿ ಹೇಳಿರಲ್ಲ. ಅವರಿಗೆ ಕಮಿಷನ್ ಬರೋದು ನೀನು ಯೂನಿವರ್ಸಿಟಿಗೆ ಸೇರಿದಾಗ, ಕೆಲಸಕ್ಕೆ ಸೇರಿದಾಗ ಅಲ್ಲ.

ಇಲ್ಲಿ ಕೌನ್ಸೆಲರ್ ಬೇರೆ, ಕೌನ್ಸೆಲಿಂಗ್ ಸೈಕಾಲಜಿಸ್ಟ್ ಬೇರೆ. ಎರಡನೆಯ ಹೆಸರಿಗೆ ಕಾನೂನಿನ ಕಾವಲಿದೆ. ಎಚ್‌ಸಿಪಿಸಿ ಅನ್ನೋ ಸಂಸ್ಥೆ 2009ರಿಂದ ಅದರ ರಿಜಿಸ್ಟರ್ ಇಟ್ಟಿದೆ. ಅದರಲ್ಲಿ ಹೆಸರಿಲ್ಲದೆ ಹಾಗೆ ಬೋರ್ಡು ಹಾಕಿಕೊಳ್ಳುವಂತಿಲ್ಲ. ಆ ರಿಜಿಸ್ಟರ್ ಸೇರಬೇಕಾದರೆ ಬಿಎಸ್‌ಸಿ ಆದ ಮೇಲೆ ಒಂದೆರಡು ವರ್ಷದ ಅನುಭವ, ಆಮೇಲೆ ಕನಿಷ್ಠ ಮೂರು ವರ್ಷದ ಡಾಕ್ಟರೇಟ್. ಅದರೊಳಗೆ ಮೇಲ್ವಿಚಾರಣೆಯಲ್ಲಿ 450 ಗಂಟೆ ಕ್ಲೈಂಟ್ ಕೆಲಸ, ಜೊತೆಗೆ ನೀನೇ ಒಬ್ಬ ಥೆರಪಿಸ್ಟ್ ಮುಂದೆ ಕ್ಲೈಂಟ್ ಆಗಿ ಕೂರೋದು, ಅದೂ ನಿನ್ನ ಖರ್ಚಿನಲ್ಲಿ. 18ಕ್ಕೆ ಶುರು ಮಾಡಿದರೂ ಮುಗಿಯುವ ಹೊತ್ತಿಗೆ 25-26 ಆಗಿರುತ್ತೆ.

‘ಕೌನ್ಸೆಲರ್’, ‘ಸೈಕೋಥೆರಪಿಸ್ಟ್’ ಅನ್ನೋ ಹೆಸರುಗಳಿಗೆ ಬ್ರಿಟನ್ನಿನಲ್ಲಿ ಆ ಕಾವಲು ಇಲ್ಲ. ಹಾಗಂತ ಯಾರೂ ಸುಮ್ಮನೆ ಕೆಲಸ ಕೊಡಲ್ಲ. ಶಾಲೆ, ಚಾರಿಟಿ, ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಎಲ್ಲ ಕಡೆ ಬಿಎಸಿಪಿ ಅಥವಾ ಅದರ ಸಮನಾದ ವೃತ್ತಿ ಸಂಘದ ಸದಸ್ಯತ್ವ ಕೇಳ್ತಾರೆ. ಅದಕ್ಕೆ ಬೇಕಾದ್ದು ಒಂದು ವರ್ಷದ ಪೂರ್ಣಾವಧಿ ಅಥವಾ ಎರಡು ವರ್ಷದ ಅರೆಕಾಲಿಕ ವೃತ್ತಿ ತರಬೇತಿ, ಅದರ ಭಾಗವಾಗಿ ಕನಿಷ್ಠ 100 ಗಂಟೆ ನಿಜವಾದ ಕ್ಲೈಂಟ್‌ಗಳ ಜೊತೆ ಕೆಲಸ. ಗಮನಿಸು, ಇದಕ್ಕೆ ಸೈಕಾಲಜಿ ಡಿಗ್ರಿ ಬೇಕಿಲ್ಲ. ಇಲ್ಲಿನ ಎಷ್ಟೋ ಕೌನ್ಸೆಲರ್‌ಗಳು ನಲವತ್ತರ ನಂತರ ಸಂಜೆ ಕಾಲೇಜಿನಲ್ಲಿ ಲೆವೆಲ್ 2, 3, 4 ಡಿಪ್ಲೊಮಾ ಮಾಡಿ ಬಂದವರು.

ಈ ಎರಡು ದಾರಿಗಳ ನಡುವೆ ನಿನ್ನ ಬಿಎಸ್‌ಸಿ ಎಲ್ಲಿ ನಿಲ್ಲುತ್ತೆ ಅನ್ನೋದು ಅದರ ಹೆಸರಿನಿಂದ ಗೊತ್ತಾಗಲ್ಲ. ಒಂದು, ಬ್ರಿಟಿಷ್ ಸೈಕಲಾಜಿಕಲ್ ಸೊಸೈಟಿ, ಅಂದರೆ ಬಿಪಿಎಸ್, ಆ ಕೋರ್ಸಿಗೆ ಮಾನ್ಯತೆ ಕೊಟ್ಟಿದೆಯಾ ನೋಡು. ಕೊಟ್ಟಿದ್ದು, ನಿನಗೆ ಕನಿಷ್ಠ ‘ಟು-ಟು’ ದರ್ಜೆ ಬಂದು, ಪ್ರಾಜೆಕ್ಟ್ ಪಾಸಾದರೆ ‘ಜಿಬಿಸಿ’, ಅಂದರೆ ಮುಂದೆ ಬಿಪಿಎಸ್‌ನ ಚಾರ್ಟರ್ಡ್ ಸದಸ್ಯತ್ವಕ್ಕೆ ಬೇಕಾದ ಮೂಲ ಅರ್ಹತೆ ಸಿಗುತ್ತೆ. ಅದಿಲ್ಲದೆ ಡಾಕ್ಟರೇಟ್ ಬಾಗಿಲು ತೆರೆಯಲ್ಲ. ಬಿಪಿಎಸ್ ವೆಬ್‌ಸೈಟಿನಲ್ಲಿ ಕೋರ್ಸಿನ ಪೂರ್ತಿ ಹೆಸರು ಹಾಕಿ ಹುಡುಕು. ‘ಸೈಕಾಲಜಿ’ಗೆ ಮಾನ್ಯತೆ ಇದೆ ಅಂದ ಮಾತ್ರಕ್ಕೆ ಅದೇ ಯೂನಿವರ್ಸಿಟಿಯ ‘ಕೌನ್ಸೆಲಿಂಗ್ ಅಂಡ್ ಸೈಕಾಲಜಿ’ಗೂ ಇದೆ ಅಂತಲ್ಲ. ಜಂಟಿ ಡಿಗ್ರಿಗಳಲ್ಲಿ ಇಂತಿಂಥ ಮಾಡ್ಯೂಲ್ ತಗೊಂಡರೆ ಮಾತ್ರ ಮಾನ್ಯತೆ ಅನ್ನೋ ಷರತ್ತೂ ಇರಬಹುದು.

ಎರಡು, ಕೋರ್ಸಿನಲ್ಲಿ ನಿಜವಾದ ಕ್ಲೈಂಟ್‌ಗಳ ಜೊತೆಗಿನ ಪ್ಲೇಸ್‌ಮೆಂಟ್ (ಕೆಲಸ ಕೊಡಿಸೋದಲ್ಲ, ಹೊರಗಿನ ಸಂಸ್ಥೆಯಲ್ಲಿ ತರಬೇತಿ) ಇದೆಯಾ, ಎಷ್ಟು ಗಂಟೆ? ಹೆಚ್ಚಿನ ‘ವಿತ್ ಕೌನ್ಸೆಲಿಂಗ್’ ಡಿಗ್ರಿಗಳಲ್ಲಿ ಇರೋದು ಸಿದ್ಧಾಂತ ಮತ್ತು ತರಗತಿಯೊಳಗಿನ ಅಭ್ಯಾಸ ಅಷ್ಟೇ. 100 ಗಂಟೆಯನ್ನೂ ಒಳಗೊಂಡ ಬಿಎಸಿಪಿ ಮಾನ್ಯ ಡಿಗ್ರಿಗಳು ಬೆರಳೆಣಿಕೆಯವು. ಅಡ್ಮಿಷನ್ ಟ್ಯೂಟರ್‌ಗೆ ಈ ಎರಡೂ ಪ್ರಶ್ನೆ ಇಮೇಲ್‌ನಲ್ಲಿ ಕೇಳು. ‘ಪ್ಲೇಸ್‌ಮೆಂಟ್ ಅವಕಾಶಗಳಿವೆ’ ಅಂತ ಉತ್ತರ ಬಂದರೆ ಬಿಡಬೇಡ. ಯೂನಿವರ್ಸಿಟಿಯೇ ಹುಡುಕಿ ಕೊಡುತ್ತಾ, ನೀನೇ ಹುಡುಕಬೇಕಾ ಅಂತ ಮತ್ತೆ ಕೇಳು. ಹೆಚ್ಚಾಗಿ ನೀನೇ.

ಓದು ಹೇಗಿರುತ್ತೆ ಅಂದರೆ, ನೀನು ಅಂದುಕೊಂಡಿದ್ದಕ್ಕಿಂತ ಲೆಕ್ಕ ಜಾಸ್ತಿ. ಬಿಪಿಎಸ್ ಮಾನ್ಯತೆ ಬೇಕಂದರೆ ಮಿದುಳು ಮತ್ತು ನಡವಳಿಕೆ, ಅರಿವು, ಬೆಳವಣಿಗೆ, ಸಾಮಾಜಿಕ ಮನಶ್ಶಾಸ್ತ್ರ, ವ್ಯಕ್ತಿಭೇದ, ಸಂಶೋಧನಾ ವಿಧಾನ ಎಲ್ಲವನ್ನೂ ಕಲಿಸಲೇಬೇಕು. ವರ್ಷಕ್ಕೆ 120 ಕ್ರೆಡಿಟ್, ಮೂರು ವರ್ಷಕ್ಕೆ 360 (ಸ್ಕಾಟ್ಲೆಂಡಿನಲ್ಲಿ ನಾಲ್ಕು ವರ್ಷ, 480). ಎಸ್‌ಪಿಎಸ್‌ಎಸ್ ಅಥವಾ ಆರ್ ಅನ್ನೋ ಸಾಫ್ಟ್‌ವೇರ್ ಬಳಸಿ ಅಂಕಿಅಂಶ ವಿಶ್ಲೇಷಣೆ ಮೊದಲ ವರ್ಷದಿಂದಲೇ ಇರುತ್ತೆ. ಪಿಯುಸಿಯಲ್ಲಿ ಆರ್ಟ್ಸ್ ಅಥವಾ ಕಾಮರ್ಸ್ ಆಗಿದ್ದರೂ ಸೀಟು ಸಿಗುತ್ತೆ, ಎಸ್‌ಎಸ್‌ಎಲ್‌ಸಿ ಗಣಿತದ ಅಂಕ ನೋಡ್ತಾರೆ. ಆದರೆ ಬರುವ ಮುಂಚೆ ಸರಾಸರಿ, ವಿಚಲನೆ, ಸಹಸಂಬಂಧ ಇಷ್ಟನ್ನಾದರೂ ತಿರುವಿ ಹಾಕಿಕೊಂಡು ಬಾ.

ಅಂಕದ ಬಗ್ಗೆ ಎದೆ ಗಟ್ಟಿ ಮಾಡಿಕೋ. ಪಿಯುಸಿಯಲ್ಲಿ 94 ತಗೊಂಡವರಿಗೆ ಇಲ್ಲಿ 62 ಬಂದಾಗ ಅಳು ಬರುತ್ತೆ. ಇಲ್ಲಿ 70 ದಾಟಿದರೆ ಫಸ್ಟ್ ಕ್ಲಾಸ್, 60ಕ್ಕೆ ‘ಟು-ಒನ್’, 50ಕ್ಕೆ ‘ಟು-ಟು’. 62 ಒಳ್ಳೆ ಅಂಕ. ಡಾಕ್ಟರೇಟಿಗೆ ಸಾಮಾನ್ಯವಾಗಿ ಟು-ಒನ್ ಕೇಳ್ತಾರೆ.

ಡಿಗ್ರಿ ಕೈತಪ್ಪುವ ಜಾಗ ಮೂರನೇ ವರ್ಷದ ಪ್ರಾಜೆಕ್ಟ್. ನೈತಿಕ ಸಮಿತಿಯ ಅನುಮತಿ ಬರುವ ಮುಂಚೆ ಒಬ್ಬರಿಂದಲೂ ಮಾಹಿತಿ ತಗೊಳ್ಳುವಂತಿಲ್ಲ. ಊರಿನ ಗೆಳತಿಯರ ವಾಟ್ಸಾಪ್ ಗ್ರೂಪಿಗೆ ಗೂಗಲ್ ಫಾರ್ಮ್ ಕಳಿಸಿ, ನೂರು ಉತ್ತರ ಬಂದ ಮೇಲೆ ಅನುಮತಿ ಕೇಳೋಣ ಅಂದರೆ ಆ ಮಾಹಿತಿ ಪೂರ್ತಿ ಕಸದ ಬುಟ್ಟಿಗೆ. ಬೇರೆ ವಿಷಯದ ಅಂಕದಿಂದ ಪ್ರಾಜೆಕ್ಟಿನ ಕೊರತೆ ತುಂಬಿಸಿಕೊಳ್ಳೋದು ಜಿಬಿಸಿ ಲೆಕ್ಕಕ್ಕೆ ನಡೆಯಲ್ಲ. ಮಾನಸಿಕ ಸಂಕಟ, ಆತ್ಮಹತ್ಯೆಯಂಥ ವಿಷಯ ಆರಿಸಿಕೊಂಡರೆ ಅನುಮತಿಗೆ ತಿಂಗಳುಗಟ್ಟಲೆ ಹಿಡಿಯಬಹುದು, ಬಿಎಸ್‌ಸಿ ಮಟ್ಟದಲ್ಲಿ ಸಿಗದೆಯೂ ಇರಬಹುದು.

ಕೌನ್ಸೆಲಿಂಗ್ ಮಾಡ್ಯೂಲ್‌ಗಳಲ್ಲಿ ನಮ್ಮವರು ಎಡವೋದು ಸಿದ್ಧಾಂತದಲ್ಲಿ ಅಲ್ಲ. ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಚಿಕಿತ್ಸೆ ಫಲಿಸೋಕೆ ಬೇಕು ಅಂತ 1957ರಲ್ಲಿ ಹೇಳಿದ ಆರು ಷರತ್ತು, ಆರನ್ ಬೆಕ್‌ನ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸುವ ಚಿಕಿತ್ಸೆ) ಎಲ್ಲವನ್ನೂ ಚೆನ್ನಾಗಿಯೇ ಬರೀತಾರೆ. ತೊಂದರೆ ಶುರುವಾಗೋದು ಮೂವರ ಗುಂಪಿನಲ್ಲಿ. ಒಬ್ಬರು ಕೌನ್ಸೆಲರ್, ಒಬ್ಬರು ಕ್ಲೈಂಟ್, ಒಬ್ಬರು ವೀಕ್ಷಕ. ಹದಿನೈದಿಪ್ಪತ್ತು ನಿಮಿಷ ಮಾತು, ಆಮೇಲೆ ಪಾತ್ರ ಬದಲು. ಎದುರಿಗಿರುವವರು ‘ಅಮ್ಮನ ಜೊತೆ ಮಾತು ಬಿಟ್ಟಿದ್ದೀನಿ’ ಅಂದ ತಕ್ಷಣ ನಮ್ಮ ಬಾಯಿಂದ ಬರೋದು ‘ಒಂದು ಸಲ ಫೋನ್ ಮಾಡಿ ನೋಡಿ, ಏನಿದ್ದರೂ ತಾಯಿ ಅಲ್ವಾ’. ನಾವು ಬೆಳೆದ ಮನೆಗಳಲ್ಲಿ ಅದು ಅಕ್ಕರೆ. ಇಲ್ಲಿ ಅದಕ್ಕೆ ಅಂಕ ಕಟ್. ಬುದ್ಧಿ ಹೇಳೋದು, ಸಮಾಧಾನ ಮಾಡೋದು, ಸಾಲು ಸಾಲು ಪ್ರಶ್ನೆ ಕೇಳೋದು, ‘ನನಗೂ ಹಾಗೇ ಆಗಿತ್ತು’ ಅನ್ನೋದು, ಈ ನಾಲ್ಕಕ್ಕೂ ಹೊಸಬರು ಜಾರ್ತಾರೆ. ಮಾಡಬೇಕಾದ್ದು ಅವರು ಹೇಳಿದ್ದರ ತಿರುಳನ್ನು ನಿನ್ನ ಮಾತಲ್ಲಿ ಚಿಕ್ಕದಾಗಿ ವಾಪಸ್ ಹೇಳೋದು, ಹಿಂದಿರುವ ಭಾವಕ್ಕೆ ಹೆಸರು ಕೊಡೋದು, ಅವರು ಸುಮ್ಮನಾದಾಗ ನೀನೂ ಸುಮ್ಮನಿರೋದು. ಹತ್ತು ಸೆಕೆಂಡಿನ ಮೌನವನ್ನು ತುಂಬದೆ ಬಿಡಲು ಕಲಿಯೋಕೆ ಒಂದು ಸೆಮಿಸ್ಟರ್ ಬೇಕಾದೀತು.

ಈ ಮಾಡ್ಯೂಲ್‌ಗಳ ಪರೀಕ್ಷೆ ಹೆಚ್ಚಾಗಿ ಧ್ವನಿಮುದ್ರಣದ ರೂಪದಲ್ಲಿ. ಮಾತುಕತೆ ರೆಕಾರ್ಡ್ ಮಾಡಿ, ಅದರ ಒಂದು ಭಾಗವನ್ನು ಅಕ್ಷರಕ್ಕಿಳಿಸಿ, ಪ್ರತಿ ಮಾತನ್ನೂ ಯಾಕೆ ಹಾಗೆ ಹೇಳಿದೆ, ಬೇರೆ ಏನು ಹೇಳಬಹುದಿತ್ತು ಅಂತ ಬರೀಬೇಕು. ಚೆಂದದ ರೆಕಾರ್ಡಿಂಗ್‌ಗಿಂತ ತಪ್ಪುಗಳಿದ್ದು ಆ ತಪ್ಪನ್ನು ಸರಿಯಾಗಿ ಗುರುತಿಸಿದ ಬರಹಕ್ಕೆ ಜಾಸ್ತಿ ಅಂಕ ಬರುತ್ತೆ. ಮೂವರ ಗುಂಪಿನಲ್ಲಿ ಕ್ಲೈಂಟ್ ಆದಾಗ ನಿನ್ನ ನಿಜವಾದ ವಿಷಯವನ್ನೇ ತರಬೇಕು ಅಂತಾರೆ, ನಾಟಕ ಬೇಡ ಅಂತಾರೆ. ಹತ್ತರಲ್ಲಿ ಎರಡು ಮೂರರಷ್ಟು ಭಾರದ ವಿಷಯ ತಗೊ: ಹಾಸ್ಟೆಲ್ ಗದ್ದಲ, ರೂಮ್‌ಮೇಟ್ ಜಗಳ, ಊರಿನ ನೆನಪು. ಇಷ್ಟು ಸಾಕು. ತರಗತಿ ಚಿಕಿತ್ಸೆಯ ಜಾಗ ಅಲ್ಲ.

ಈಗ 100 ಗಂಟೆಯ ಲೆಕ್ಕ. ವಾರಕ್ಕೆ ಮೂವರು ಕ್ಲೈಂಟ್ ಅಂದರೆ 40 ವಾರಕ್ಕೆ 120 ಆಗಬೇಕು. ಬರದೇ ತಪ್ಪಿಸಿಕೊಂಡವರ ಗಂಟೆ ಲೆಕ್ಕಕ್ಕಿಲ್ಲ. ನಾಲ್ಕರಲ್ಲಿ ಒಬ್ಬರು ತಪ್ಪಿಸಿಕೊಂಡರೂ ಉಳಿಯೋದು 90. ಹೆಲ್ಪ್‌ಲೈನ್‌ನಲ್ಲಿ ಕೂತು ಕೇಳಿಸಿಕೊಂಡ ಗಂಟೆಗಳು ಒಳ್ಳೆ ಅನುಭವ, ಆದರೆ ಕೌನ್ಸೆಲಿಂಗ್ ಗಂಟೆ ಅಲ್ಲ. ತಿಂಗಳಿಗೆ ಕನಿಷ್ಠ ಒಂದೂವರೆ ಗಂಟೆ ಸೂಪರ್‌ವಿಷನ್, ಅಂದರೆ ಅನುಭವಿಯೊಬ್ಬರ ಜೊತೆ ನಿನ್ನ ಕ್ಲೈಂಟ್ ಕೆಲಸದ ಚರ್ಚೆ, ಬೇಕು. ಕೆಲವು ಚಾರಿಟಿಗಳು ಪುಕ್ಕಟೆ ಕೊಡ್ತವೆ, ಇಲ್ಲದಿದ್ದರೆ ನಿನ್ನ ಜೇಬಿನಿಂದ. ಇದಕ್ಕೆಲ್ಲ ಮುಂಚೆ ಡಿಬಿಎಸ್ ಅನ್ನೋ ಹಿನ್ನೆಲೆ ತಪಾಸಣೆ, ಜೊತೆಗೆ ಭಾರತದ ಪೊಲೀಸ್ ಕ್ಲಿಯರೆನ್ಸ್ ಕೇಳಬಹುದು. ಅದನ್ನು ಊರಲ್ಲಿರುವಾಗಲೇ ಪಾಸ್‌ಪೋರ್ಟ್ ಸೇವಾ ಮೂಲಕ ಮಾಡಿಸೋದು ಸಲೀಸು.

ಓದುವಾಗ ದುಡಿಯುವ ವಿಷಯ. ಸ್ಟೂಡೆಂಟ್ ವೀಸಾದಲ್ಲಿ ಡಿಗ್ರಿ ವಿದ್ಯಾರ್ಥಿಗಳಿಗೆ ತರಗತಿ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ, ಸೋಮವಾರದಿಂದ ಭಾನುವಾರದ ಲೆಕ್ಕ. ಸ್ವಂತ ಉದ್ಯೋಗ ಪೂರ್ತಿ ನಿಷಿದ್ಧ. ಊರಿನವರಿಗೆ ಜೂಮ್‌ನಲ್ಲಿ ಕೌನ್ಸೆಲಿಂಗ್ ಮಾಡಿ ಯುಪಿಐನಲ್ಲಿ ಐನೂರು ರೂಪಾಯಿ ತಗೊಂಡರೂ ಅದು ಸ್ವಂತ ಉದ್ಯೋಗವೇ. ಅದಕ್ಕೂ ಮೊದಲು, ತರಬೇತಿ ಮುಗಿಯದೆ ಕ್ಲೈಂಟ್ ನೋಡೋದೇ ತಪ್ಪು. ಕೋರ್ಸಿನ ಕಡ್ಡಾಯ ಭಾಗವಾಗಿ ಅಂಕ ಕೊಡುವ ಪ್ಲೇಸ್‌ಮೆಂಟ್ 20 ಗಂಟೆಯೊಳಗೆ ಬರಲ್ಲ. ನೀನಾಗೇ ಹುಡುಕಿಕೊಂಡ, ಒಪ್ಪಂದವಿರುವ ಸಂಬಳವಿಲ್ಲದ ಕೆಲಸ ಬರುತ್ತೆ. ದುಡಿಮೆಗೆ ಕೇರ್ ಹೋಮ್, ಸಪೋರ್ಟ್ ವರ್ಕರ್ ಕೆಲಸ ಹುಡುಕು. ದಣಿವಾಗುತ್ತೆ ನಿಜ, ಆದರೆ ಮುಂದೆ ಅರ್ಜಿ ಹಾಕುವಾಗ ಅಂಗಡಿ ಕೆಲಸಕ್ಕಿಂತ ಅದಕ್ಕೆ ಬೆಲೆ ಜಾಸ್ತಿ.

ಹಣದ ಕಾಗದಪತ್ರದಲ್ಲಿ ಎರಡು ಎಚ್ಚರಿಕೆ. ಮೊದಲ ವರ್ಷದ ಬಾಕಿ ಫೀಸ್ ಮತ್ತು ಒಂಬತ್ತು ತಿಂಗಳ ಜೀವನ ಖರ್ಚು ಸತತ 28 ದಿನ ಬ್ಯಾಂಕಿನಲ್ಲಿರಬೇಕು. 2025ರ ನವೆಂಬರ್‌ನಿಂದ ಈ ಜೀವನ ಖರ್ಚಿನ ಲೆಕ್ಕ ಲಂಡನ್ನಿನಲ್ಲಿ ತಿಂಗಳಿಗೆ 1,529 ಪೌಂಡ್, ಹೊರಗೆ 1,171. ಒಂದೇ ಒಂದು ದಿನ ಕೆಳಗಿಳಿದರೂ ವೀಸಾ ತಿರಸ್ಕಾರವಾಗಬಹುದು, ಹಾಗಾಗಿ ಪೌಂಡಿನ ದರ ಏರಬಹುದು ಅಂತ ಸ್ವಲ್ಪ ಹೆಚ್ಚೇ ಇಡಿ. ಹಣ ಅಪ್ಪನ ಖಾತೆಯಲ್ಲಿದ್ದರೆ ಜನನ ಪ್ರಮಾಣಪತ್ರ, ಒಪ್ಪಿಗೆ ಪತ್ರ ಬೇಕು. ನಮ್ಮ ಕಡೆಯವರ ತಕರಾರು ಇಲ್ಲೇ ಏಳೋದು: ಜನನ ಪತ್ರದಲ್ಲಿ ಅಪ್ಪನ ಹೆಸರು ಇನಿಷಿಯಲ್ ಜೊತೆ, ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ, ಬ್ಯಾಂಕಿನಲ್ಲಿ ಮನೆತನದ ಹೆಸರು ಸೇರಿಸಿ. ಈಗಲೇ ಎಲ್ಲವನ್ನೂ ಮೇಜಿನ ಮೇಲೆ ಹರಡಿ ಹೋಲಿಸಿ ನೋಡಿ. ವ್ಯತ್ಯಾಸ ಕಂಡರೆ ಈಗಲೇ ತಿದ್ದಿಸಿ, ಆಗಸ್ಟ್‌ನಲ್ಲಿ ಓಡಾಡೋಕೆ ಸಮಯ ಇರಲ್ಲ.

ಮುಗಿದ ಮೇಲೆ? ಓದಾದ ಮೇಲೆ ಇಲ್ಲೇ ಇದ್ದು ದುಡಿಯೋಕೆ ಗ್ರಾಜುಯೇಟ್ ವೀಸಾ ಇದೆ. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಅದು ಎರಡು ವರ್ಷದ ಬದಲು 18 ತಿಂಗಳು. ನೀನು ಮುಗಿಸುವ ಹೊತ್ತಿಗೆ 18 ತಿಂಗಳು ಅಂತಲೇ ಹಿಡಿ. ಆ ಅವಧಿಯಲ್ಲಿ ಸ್ವಂತ ಉದ್ಯೋಗ ಮಾಡಬಹುದು, ಸಂಜೆಯ ಅರೆಕಾಲಿಕ ಡಿಪ್ಲೊಮಾ ಕೂಡ ಸೇರಬಹುದು, ಆದರೆ ಎರಡು ವರ್ಷದ ಡಿಪ್ಲೊಮಾ 18 ತಿಂಗಳಲ್ಲಿ ಮುಗಿಯಲ್ಲ. ಸ್ಕಿಲ್ಡ್ ವರ್ಕರ್ ವೀಸಾಕ್ಕೆ 2025ರ ಜುಲೈಯಿಂದ ಪದವಿ ಮಟ್ಟದ ಹುದ್ದೆ ಬೇಕು. ಸೈಕಾಲಜಿಸ್ಟ್ ಆ ಮಟ್ಟದಲ್ಲಿದೆ. ಕೌನ್ಸೆಲರ್ ಹುದ್ದೆಯನ್ನು ಅದಕ್ಕಿಂತ ಕೆಳಗೆ ಇಟ್ಟಿದ್ದಾರೆ. ಎನ್‌ಎಚ್‌ಎಸ್‌ನ ಅಸಿಸ್ಟೆಂಟ್ ಸೈಕಾಲಜಿಸ್ಟ್, ಅದರದೇ ಮಾತಿನ ಚಿಕಿತ್ಸೆಯ ವಿಭಾಗವಾದ ಟಾಕಿಂಗ್ ಥೆರಪೀಸ್‌ನ ಪಿಡಬ್ಲ್ಯುಪಿ (ಆತಂಕ, ಖಿನ್ನತೆಗೆ ಆರಂಭಿಕ ನೆರವು ಕೊಡುವವರು) ತರಬೇತಿ ಹುದ್ದೆಗಳಿಗೆ ಇಲ್ಲಿನ ಹುಡುಗ ಹುಡುಗಿಯರೇ ನೂಕುನುಗ್ಗಲಾಗಿ ಅರ್ಜಿ ಹಾಕ್ತಾರೆ. ಬಿಎಸ್‌ಸಿ ಒಂದನ್ನೇ ನಂಬಿ ಇಲ್ಲಿ ನೆಲೆಯೂರುವ ಲೆಕ್ಕ ಹಾಕಬೇಡ.

ನನ್ನ ಅಭಿಪ್ರಾಯ ಕೇಳಿದರೆ, ಮನೆಯವರು ಮೂರು ವರ್ಷದ ವಿದೇಶಿ ಫೀಸ್ ಜಮೀನು ಅಡ ಇಟ್ಟು ತರುವುದಾದರೆ ಬೇಡ. ಡಿಗ್ರಿಯನ್ನು ಕರ್ನಾಟಕದಲ್ಲೇ ಮಾಡು, ಸೈಕಾಲಜಿ ಮುಖ್ಯ ವಿಷಯವಾಗಿರಲಿ. ಆಮೇಲೆ ಇಲ್ಲಿಗೆ ಒಂದು ವರ್ಷದ, 180 ಕ್ರೆಡಿಟ್‌ನ ಬಿಪಿಎಸ್ ಮಾನ್ಯ ಕನ್ವರ್ಷನ್ ಎಂಎಸ್‌ಸಿಗೆ (ಬಿಪಿಎಸ್ ಮಾನ್ಯತೆ ಇಲ್ಲದ ಡಿಗ್ರಿಯವರಿಗಾಗಿ ಇರುವ ಕೋರ್ಸ್) ಬಂದರೆ ಅದೇ ಜಿಬಿಸಿ ಸಿಗುತ್ತೆ. ಕ್ಲೈಂಟ್ ಕೆಲಸವೇ ಬೇಕಿದ್ದರೆ ಪ್ಲೇಸ್‌ಮೆಂಟ್ ಇರುವ ಪೂರ್ಣಾವಧಿ ಪೋಸ್ಟ್‌ಗ್ರಾಜುಯೇಟ್ ಕೌನ್ಸೆಲಿಂಗ್ ಕೋರ್ಸ್ ನೋಡಬಹುದು. ಹಣಕ್ಕೆ ತೊಂದರೆ ಇಲ್ಲ, ಇಲ್ಲೇ ಬೆಳೆದು ಡಾಕ್ಟರೇಟ್ ತನಕ ಹೋಗುವ ಹಟ ಇದೆ ಅನ್ನುವುದಾದರೆ ಈಗ ಬಾ.

ಬಿಎಸ್‌ಸಿಗೆ ಅರ್ಜಿ ಯುಕಾಸ್ ಅನ್ನೋ ಕೇಂದ್ರೀಕೃತ ಪ್ರವೇಶ ಸಂಸ್ಥೆಯ ಮೂಲಕ, ಐದು ಆಯ್ಕೆ, ಮುಖ್ಯ ಗಡುವು ಜನವರಿ ಮಧ್ಯಭಾಗ. ಪರ್ಸನಲ್ ಸ್ಟೇಟ್‌ಮೆಂಟ್ ಈಗ ಮೂರು ಪ್ರಶ್ನೆಗಳ ರೂಪದಲ್ಲಿದೆ, ಒಟ್ಟು 4,000 ಅಕ್ಷರ. ‘ಗೆಳತಿಯರೆಲ್ಲ ನನ್ನ ಹತ್ತಿರವೇ ಕಷ್ಟ ಹೇಳಿಕೊಳ್ತಾರೆ’ ಅಂತ ಶುರು ಮಾಡಬೇಡ, ಅದನ್ನು ಎಲ್ಲರೂ ಬರೀತಾರೆ. ಓದಿದ ಒಂದು ಪ್ರಯೋಗದ ಬಗ್ಗೆ ನಿನಗೆ ಹುಟ್ಟಿದ ಸಂದೇಹ ಬರಿ.

ವಾಪಸ್ ಹೋಗುವ ಪ್ರಶ್ನೆ. ಭಾರತದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳ ನೋಂದಣಿ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ಕೈಯಲ್ಲಿದೆ. ಇಲ್ಲಿನ ಬಿಎಸ್‌ಸಿ ಅದಕ್ಕೆ ಸಾಲಲ್ಲ. ಉಳಿದ ಸೈಕಾಲಜಿಸ್ಟ್ ಮತ್ತು ಕೌನ್ಸೆಲರ್‌ಗಳನ್ನು 2021ರ ಅಲೈಡ್ ಅಂಡ್ ಹೆಲ್ತ್‌ಕೇರ್ ಪ್ರೊಫೆಷನ್ಸ್ ಕಾಯ್ದೆಯ ಕೆಳಗೆ ತರುತ್ತಿದ್ದಾರೆ. ಬೆಂಗಳೂರಿನಲ್ಲಿ ಶಾಲೆ, ಕಂಪನಿ, ಆಸ್ಪತ್ರೆ ಯಾವುದೇ ಇರಲಿ, ಕೌನ್ಸೆಲರ್ ಹುದ್ದೆಗೆ ಸಾಮಾನ್ಯವಾಗಿ ಸೈಕಾಲಜಿ ಎಂಎ ಅಥವಾ ಎಂಎಸ್‌ಸಿ ಕೇಳ್ತಾರೆ. ಅದಕ್ಕೆ ಅಲ್ಲಿ ಸೇರಬೇಕಾದರೆ ಮೊದಲು ನಿನ್ನ ವಿದೇಶಿ ಡಿಗ್ರಿಗೆ ತತ್ಸಮಾನ ಪ್ರಮಾಣಪತ್ರ ಮಾಡಿಸಬೇಕು. ಹೊರಡುವ ಮುಂಚೆ ಅಂಕಪಟ್ಟಿ, ಪ್ರತಿ ಮಾಡ್ಯೂಲಿನ ಪಠ್ಯವಿವರ, ಪ್ಲೇಸ್‌ಮೆಂಟ್ ಮಾಡಿದ್ದರೆ ಸೂಪರ್‌ವೈಸರ್ ಸಹಿ ಇರುವ ಗಂಟೆಗಳ ಲಾಗ್, ಇವುಗಳ ಮೂಲಪ್ರತಿ ಕೈಯಲ್ಲಿರಲಿ. ಸೂಪರ್‌ವೈಸರ್ ಕೆಲಸ ಬಿಟ್ಟು ಹೋದ ಮೇಲೆ ಆ ಸಹಿ ಮತ್ತೆ ಸಿಗೋದು ಬಹಳ ಕಷ್ಟ.