ಓದುಗರ ಪ್ರಶ್ನೆ: ಹೊಸ ಗಾಲ್ಫ್ ಐರನ್, ಎಡಕ್ಕೇ ಹೋಗುವ ಚೆಂಡು

ಪ್ರಶ್ನೆ: ನಾನು ಬಲಗೈ ಗಾಲ್ಫ್ ಆಟಗಾರ. ತಪ್ಪು ಹೊಡೆತವನ್ನೂ ಸುಧಾರಿಸುತ್ತವೆಂದು ಕ್ಯಾವಿಟಿ ಬ್ಯಾಕ್ (ಹೆಡ್‌ನ ಹಿಂಬದಿ ಟೊಳ್ಳಾಗಿರುವ) ಐರನ್ ಕ್ಲಬ್‌ಗಳ ಸೆಟ್ ಕೊಂಡೆ. 7 ಐರನ್‌ನಲ್ಲಿ ಚೆಂಡು ಸದಾ ಎಡಕ್ಕೆ ಹೋಗುತ್ತದೆ. ಸೆಟ್ ಬದಲಿಸಬೇಕೇ?

ಉತ್ತರ: ಬೇಡ, ಮೊದಲು ಲೈ ಕೋನ (ಕ್ಲಬ್ ನೆಲದ ಮೇಲಿದ್ದಾಗ ಅದರ ಕೋಲು ನೆಲದೊಂದಿಗೆ ಮಾಡುವ ಕೋನ) ಪರೀಕ್ಷಿಸಿ. ಚೆಂಡಿನ ಮೇಲೆ ಮಾರ್ಕರ್‌ನಿಂದ ದಪ್ಪ ಗೆರೆ ಎಳೆದು, ಅದು ನೆಟ್ಟಗೆ ನಿಂತು ಕ್ಲಬ್ಬಿನ ಮುಖಕ್ಕೆ ತಾಗುವಂತಿಟ್ಟು ಹೊಡೆಯಿರಿ. ಮುಖದಲ್ಲಿ ಮೂಡಿದ ಗುರುತು ಅಲ್ಲಿನ ಅಡ್ಡ ಗೀರುಗಳಿಗೆ (ಗ್ರೂವ್) ಲಂಬವಾಗಿದ್ದರೆ ಲೈ ಸರಿಯಿದೆ. ಗುರುತಿನ ಮೇಲ್ತುದಿ ಟೋ (ಹೆಡ್‌ನ ಹೊರತುದಿ) ಕಡೆ ವಾಲಿದ್ದರೆ ಲೈ ನಿಮಗೆ ಹೆಚ್ಚು ನೆಟ್ಟಗಿದೆ. ಚೆಂಡು ಎಡಕ್ಕೆ ಹೋಗಲು ಅದೇ ಕಾರಣವಿರಬಹುದು. ನಾಲ್ಕೈದು ಹೊಡೆತಗಳಲ್ಲೂ ಹೀಗೇ ಆದರೆ ಕ್ಲಬ್ ಫಿಟ್ಟರ್ (ಕ್ಲಬ್‌ಗಳನ್ನು ಆಟಗಾರನಿಗೆ ಹೊಂದಿಸಿಕೊಡುವವರು) ಬಳಿ ಲೈ ಕೋನ 1 ಡಿಗ್ರಿ ಕಡಿಮೆಯಾಗುವಂತೆ ಬಗ್ಗಿಸಿಕೊಳ್ಳಿ. ಎರಕದ ಸ್ಟೇನ್‌ಲೆಸ್ ಸ್ಟೀಲ್ ಹೆಡ್ ಗಡಸು, ಹೆಚ್ಚು ಬಗ್ಗಿಸಿದರೆ ಹೋಸೆಲ್ (ಕೋಲು ಹೆಡ್‌ಗೆ ಸೇರುವ ಕುತ್ತಿಗೆ) ಮುರಿಯಬಹುದು. ಮನೆಯಲ್ಲಿ ಖಂಡಿತ ಪ್ರಯತ್ನಿಸಬೇಡಿ.

ಲೈ ಸರಿಯಿದ್ದರೆ ಆಫ್‌ಸೆಟ್ ಕಡೆ ನೋಡಿ. ಆಫ್‌ಸೆಟ್ ಎಂದರೆ ಮುಖ ಶಾಫ್ಟ್‌ಗಿಂತ (ಕೋಲಿಗಿಂತ) ಹಿಂದಿರುವುದು; ಇದರಿಂದ ಮುಖ ಮುಚ್ಚಿಕೊಳ್ಳಲು, ಅಂದರೆ ಎಡಕ್ಕೆ ತಿರುಗಲು, ಕೊಂಚ ಹೆಚ್ಚು ಸಮಯ ಸಿಗುತ್ತದೆ. ಸ್ಲೈಸ್ (ಬಲಕ್ಕೆ ಬಾಗುವ ಹೊಡೆತ) ಹೊಡೆಯುವವರಿಗೆ ಇದು ವರ, ಹುಕ್ (ಎಡಕ್ಕೆ ಬಾಗುವ ಹೊಡೆತ) ಹೊಡೆಯುವವರಿಗೆ ಕಷ್ಟ. ಕ್ಲಬ್ ಹಿಡಿದು ಕೆಳಗೆ ನೋಡಿದಾಗ ಎಡಗೈಯ ಮೂರಕ್ಕಿಂತ ಹೆಚ್ಚು ಗೆಣ್ಣು ಕಾಣುತ್ತಿದ್ದರೆ ಹಿಡಿತವೂ ಮುಖವನ್ನು ಎಡಕ್ಕೆ ತಿರುಗಿಸುತ್ತಿರಬಹುದು; ಅದನ್ನು ತುಸು ಎಡಕ್ಕೆ ತಿರುಗಿಸಿ.

ಇನ್ನೊಂದು ಮಾತು: ಇಂಥ ಸೆಟ್‌ಗಳಲ್ಲಿ 7 ಐರನ್ ಲಾಫ್ಟ್ (ಮುಖ ಹಿಂದಕ್ಕೆ ವಾಲಿರುವ ಕೋನ) 30 ಡಿಗ್ರಿಗಿಂತ ಕಡಿಮೆ, ಪಿಚಿಂಗ್ ವೆಜ್ (ಹತ್ತಿರದ ಹೊಡೆತಗಳ ಕ್ಲಬ್) 43ರ ಆಸುಪಾಸು ಇರುವುದುಂಟು. ನಿಮ್ಮ ಸ್ಯಾಂಡ್ ವೆಜ್ (ಮರಳುಗುಂಡಿಯಿಂದ ಹೊಡೆಯುವ ಕ್ಲಬ್) 56 ಆಗಿದ್ದರೆ ನಡುವಿನ ಅಂತರ ತುಂಬಲು 49 ಅಥವಾ 50 ಡಿಗ್ರಿಯ ವೆಜ್ ಒಂದು ಬೇಕೇ ಬೇಕು.